ಗ್ರಹಣದ ಹೊತ್ತಿನ ಮಾತ್ರೆ

ಕ್ರೀಂಯ್ ಟಕ್, ಕ್ರೀಂಯ್ ಟಕ್. ನಾನಿರುವ ಅಸಿಸ್ಟೆಡ್ ಲಿವಿಂಗ್‌ನ, ಅಂದರೆ ವಯಸ್ಸಾದವರ ವಸತಿಯ, ಎರಡನೆಯ ಮಹಡಿಯಲ್ಲಿ ಆಗೆಲ್ಲ ಗಡಿಯಾರ ಬೇಕಿರಲಿಲ್ಲ. ಔಷಧಿಯ ಕಾರ್ಟ್‌ನ ಒಂದು ಚಕ್ರ ಹೀಗೆ ಗೋಳಾಡುತ್ತ ಬಂದರೆ ಮಾತ್ರೆಯ ಹೊತ್ತಾಯಿತೆಂದು ಅರ್ಥ. ಕೆಂಡಲ್ ಪಾರ್ಕ್‌ನ ನಮ್ಮ ಈ ಕಟ್ಟಡದಲ್ಲಿ ಪಿಯಾನೋ ಇದೆ, ಮೀನಿನ ತೊಟ್ಟಿ ಇದೆ. ಆ ಚಕ್ರಕ್ಕೆ ಒಂದು ತೊಟ್ಟು ಎಣ್ಣೆ ಬಿಡುವವರು ಮಾತ್ರ ಇರಲಿಲ್ಲ.

ನಾನು ಇಂಥದ್ದನ್ನೆಲ್ಲ ನಂಬಿದವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲಿನಲ್ಲಿ ಯಾರಾದರೂ ದೆವ್ವ ಕಂಡೆ ಅಂದರೆ ಸಿಸ್ಟರ್ ಅವಳಿಗೆ ಒಂದು ದೊಡ್ಡ ಚಮಚ ಹರಳೆಣ್ಣೆ ಕುಡಿಸುತ್ತಿದ್ದರು. ಅಲ್ಲಿಗೆ ದೆವ್ವವೂ ಹೊರಟುಹೋಗುತ್ತಿತ್ತು. ಹಾಗಾಗಿ ಈ ಸಂಗತಿಯನ್ನು ಬರೆಯುವಾಗಲೂ ನನಗೆ ನಾಲಿಗೆಯ ಮೇಲೆ ಹರಳೆಣ್ಣೆಯ ರುಚಿ ಬರುತ್ತಿದೆ.

ಕಾರ್ಟ್ ತಳ್ಳುತ್ತಿದ್ದವಳು ಯೊಲಾಂಡಾ, ನಮ್ಮ ಮಹಡಿಯ ಮೆಡಿಕೇಷನ್ ಏಡ್. ಅಂದರೆ ನರ್ಸ್ ಅಲ್ಲ. ಬರೆದುಕೊಟ್ಟ ಮಾತ್ರೆಯನ್ನು ಬರೆದ ಹೊತ್ತಿಗೆ ಕೊಟ್ಟು, ನುಂಗಿದ್ದನ್ನು ಕಣ್ಣಾರೆ ಕಂಡು, ಕಾರ್ಟಿನ ಸ್ಕ್ರೀನ್ ಮೇಲೆ ಒತ್ತಿ ದಾಖಲಿಸುವವಳು. ಒಂದು ಮಾತ್ರೆ ಹೆಚ್ಚಿಸುವ, ಬಿಡಿಸುವ, ಹೊತ್ತು ಬದಲಿಸುವ ಅಧಿಕಾರ ಅವಳಿಗಿಲ್ಲ. ನಮ್ಮ ಜನಕ್ಕೋ, ಕೈಯಲ್ಲಿ ಮಾತ್ರೆ ಹಿಡಿದವರೆಲ್ಲ ಡಾಕ್ಟರೇ. "ಮಂಡಿ ನೋವಿಗೆ ಏನಾದ್ರೂ ಹೇಳಮ್ಮ" ಎಂದು ಕಾಲು ಚಾಚುವುದು. ತೀರ್ಮಾನ ತನ್ನದಲ್ಲ ಎನ್ನಲು ಅವಳದು ಒಂದೇ ಉತ್ತರ: "ನಾಟ್ ಮೈ ಕಾಲ್, ಆಂಟಿ. ನರ್ಸ್‌ಗೆ ಹೇಳ್ತೀನಿ."

ಪಕ್ಕದ ಕೋಣೆಯಲ್ಲಿ ಮೈಸೂರಿನ ಶಾರದಮ್ಮ ಇದ್ದರು. ಅವರಿಗೆ ಕೈ ನಡುಕದ ಕಾಯಿಲೆ. ಮಧ್ಯಾಹ್ನದ ಮಾತ್ರೆ ಸ್ವಲ್ಪ ತಡವಾದರೂ ಚಮಚ ಸಾರಿನ ಬಟ್ಟಲಿಗೆ ಬಡಿದು ಜಾಗಟೆ ಬಾರಿಸುತ್ತಿತ್ತು. ಹಾಗಿದ್ದೂ ಆಗಲೇ ಎರಡು ಸಲ ಮಾತ್ರೆ ಬೇಡವೆಂದಿದ್ದರು, ಒಮ್ಮೆ ಏಕಾದಶಿಯೆಂದು, ಇನ್ನೊಮ್ಮೆ ಅದರ ಬಣ್ಣ ಬದಲಾಗಿದೆಯೆಂದು. ಮತ್ತೊಂದು ಸಲ ಹೀಗಾದರೆ ವುಡ್‌ಬ್ರಿಡ್ಜ್ ಕಡೆಯ ನರ್ಸಿಂಗ್ ಹೋಮ್‌ಗೆ ಕಳಿಸಬೇಕಾಗುತ್ತದೆ, ಅಲ್ಲಿ ಹೊತ್ತುಹೊತ್ತಿಗೂ ನರ್ಸ್‌ಗಳೇ ನೋಡಿಕೊಳ್ಳುತ್ತಾರೆ ಎಂದು ಮೀಟಿಂಗ್‌ನಲ್ಲಿ ಹೇಳಿಯಾಗಿತ್ತು. ಇಡೀ ಕಟ್ಟಡದಲ್ಲಿ ನಾನು ಕನ್ನಡದಲ್ಲಿ ಜಗಳವಾಡಬಹುದಾಗಿದ್ದ ಒಬ್ಬರೇ ಒಬ್ಬರು ಅವರು. ಅವರು ಹೋದರೆ ನನಗೆ ಉಳಿಯುವುದು ಬಿಂಗೊ ಆಟ ಮಾತ್ರ.

ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ಅದೂ ಸರಿಯಾಗಿ ಮಧ್ಯಾಹ್ನದ ಮಾತ್ರೆಯ ಹೊತ್ತಿಗೆ.

"ಹಿಡಿಯೋಕ್ಕೆ ಮುಂಚೆ ಕೊಡು, ಇಲ್ಲಾ ಬಿಟ್ಟ ಮೇಲೆ ಕೊಡು" ಎಂದರು ಶಾರದಮ್ಮ. ನಾನು ಇಂಗ್ಲಿಷ್ ಮಾಡಿ ಹೇಳಿದೆ. ಯೊಲಾಂಡಾ ಆಗದೆಂದು ತಲೆಯಾಡಿಸಿದಳು. ನಾಟ್ ಮೈ ಕಾಲ್.

"ವಯಸ್ಸಾದೋರಿಗೆ, ರೋಗಿಗಳಿಗೆ ಗ್ರಹಣದ ದೋಷ ಇಲ್ವಂತಲ್ರೀ" ಎಂದು ನಾನು ಶಾಸ್ತ್ರ ತೆಗೆದೆ.

"ಹೌದು. ನಂಗ್ಯಾಕೆ ಹೇಳ್ತಿದೀರಿ ಅದನ್ನ?" ಎಂದು ಎಂಬತ್ತು ದಾಟಿದ ಶಾರದಮ್ಮ ನಡುಗುವ ಕೈಯಿಂದಲೇ ಸೆರಗು ಸರಿಮಾಡಿಕೊಂಡರು.

ಕೊನೆಗೆ ಒಂದು ರಾಜಿಗೆ ಬಂದರು. ಮಾತ್ರೆಯ ಮೇಲೆ ಒಂದು ಎಳೆ ದರ್ಭೆ ಇಟ್ಟರೆ ದೋಷವಿಲ್ಲ, ನುಂಗುತ್ತೇನೆ. ಆದರೆ ಹಿಂದಿನ ದಿನ ಅವರ ಮಗ ಐಸೆಲಿನ್ ಊರಿನ ಇಂಡಿಯನ್ ಅಂಗಡಿಯಿಂದ ದರ್ಭೆ ತರುತ್ತೇನೆಂದವನು ಹಪ್ಪಳ ತಂದು ಕೊಟ್ಟು ಹೋಗಿದ್ದ. ಯೊಲಾಂಡಾ ಪಾಪ, ಲಾನ್‌ನ ಹುಲ್ಲು ಆದೀತೇ ಎಂದು ಕೇಳಿದಳು. ಮರುಕ್ಷಣವೇ, ಮಾತ್ರೆಯ ಜೊತೆ ಯಾವ ಹುಲ್ಲನ್ನೂ ಇಡುವಂತಿಲ್ಲವೆಂದು ತಾನೇ ನೆನಪಿಸಿಕೊಂಡಳು.

"ಲಾನ್ ಹುಲ್ಲಿಗೆ ವೀಡ್ ಕಿಲ್ಲರ್ ಹೊಡೆದಿರ್ತಾರೆ" ಎಂದರು ಶಾರದಮ್ಮ. "ಗ್ರಹಣಕ್ಕಿಂತ ಮುಂಚೆ ಅದೇ ನನ್ನ ಹಿಡ್ಕೊಳತ್ತೆ."

ನರ್ಸ್ ಕೆಳಗೆ ಲಾನಿನಲ್ಲಿ ಎಲ್ಲರಿಗೂ ಗ್ರಹಣದ ಕಾಗದದ ಕನ್ನಡಕ ಹಂಚುತ್ತಿದ್ದಳು. ಫೋನ್ ಎತ್ತಲಿಲ್ಲ. ಮಾತ್ರೆಯನ್ನು ಕೋಣೆಯಲ್ಲಿ ಬಿಟ್ಟುಹೋಗುವ ಹಾಗಿಲ್ಲವಾದ್ದರಿಂದ ಯೊಲಾಂಡಾ ಅದರ ಕಾಗದದ ಕಪ್ಪನ್ನು ಕೈಯಲ್ಲೇ ಹಿಡಿದು, ಕಾರ್ಟಿಗೆ ಬೀಗ ಹಾಕಿ, ನರ್ಸನ್ನು ಕರೆತರಲು ಇಳಿದುಹೋದಳು. ಕಾರ್ಟ್ ನಾವಿಬ್ಬರೂ ಕೂತಿದ್ದ ಶಾರದಮ್ಮನ ಕೋಣೆಯ ತೆರೆದ ಬಾಗಿಲ ಎದುರೇ ನಿಂತಿತ್ತು. ಮಹಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಪರದೆಯ ಆಚೆ ಬಿಸಿಲು ತಾಮ್ರದ ಚೊಂಬು ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ತಣ್ಣಗಾಯಿತು. ಶಾರದಮ್ಮನ ಕೈ ಕುರ್ಚಿಯ ತೋಳಿನ ಮೇಲೆ ಟಕಟಕ ಬಡಿಯತೊಡಗಿತು.

ಆಗ ಕೇಳಿಸಿತು. ಕ್ರೀಂಯ್ ಟಕ್, ಕ್ರೀಂಯ್ ಟಕ್.

ನಾನು ಕಾರ್ಟನ್ನೇ ನೋಡುತ್ತಿದ್ದೆ. ಅದು ಅಲುಗಿರಲಿಲ್ಲ. ಸದ್ದು ಕಾರಿಡಾರಿನ ಆ ತುದಿಯಿಂದ ಬಂದು ಬಾಗಿಲ ಬಳಿ ನಿಂತಿತು. ಏಡ್‌ಗಳು ತೊಡುವ ಅದೇ ಕೆಂಗಂದು ಸಮವಸ್ತ್ರದ ಹೆಂಗಸೊಬ್ಬಳು ಬರಿಗಾಲಿನಲ್ಲಿ ಒಳಗೆ ಬಂದಳು. ನರೆತ ಜಡೆ. ಕೈಯಲ್ಲಿ ಕಾಗದದ ಕಪ್ಪು, ಅದರ ಮೇಲೆ ಅಡ್ಡಲಾಗಿ ಒಂದು ಎಳೆ ದರ್ಭೆ.

"ಹುಟ್ಟಿದ ತಾರೀಖು ಹೇಳಿ" ಎಂದಳು, ಕನ್ನಡದಲ್ಲಿ. ಮಾತ್ರೆ ಕೊಡುವ ಮುಂಚೆ ಯೊಲಾಂಡಾ ಕೂಡ ದಿನವೂ ಕೇಳುವ ಪ್ರಶ್ನೆಯೇ. ಶಾರದಮ್ಮ ದಿನವೂ ಹೇಳುವ ತಾರೀಖನ್ನೇ ಹೇಳಿದರು.

"ಅದು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು. ನಿಜವಾದ್ದು?"

ಶಾರದಮ್ಮ ಬೈಸಿಕೊಂಡ ಹುಡುಗಿಯ ಹಾಗೆ ಮೆಲ್ಲಗೆ, "ನವರಾತ್ರಿ, ಮೂಲಾ ನಕ್ಷತ್ರ" ಎಂದರು. ಆಕೆ ತಲೆಯಾಡಿಸಿ ಮಾತ್ರೆ ಕೊಟ್ಟಳು. ನೀರು ಕುಡಿಸಿದಳು. "ಬಾಯಿ ತೆಗೀರಿ, ನಾಲಿಗೆ ಎತ್ತಿ" ಎಂದು ನೋಡಿ, ಕಪ್ಪನ್ನೂ ದರ್ಭೆಯನ್ನೂ ತೆಗೆದುಕೊಂಡು ಹೊರಟಳು. ನಾನು ಮಾಡಿದ್ದೇನು? ಕಾನ್ವೆಂಟಿನ ಅಭ್ಯಾಸ, "ಥ್ಯಾಂಕ್ ಯೂ" ಎಂದೆ.

ಸದ್ದು ದೂರವಾಗಿ ಸ್ವಲ್ಪ ಹೊತ್ತಿಗೆ ಯೊಲಾಂಡಾ ಓಡುತ್ತಾ ಬಂದಳು. ಬಂದವಳು ನಮ್ಮನ್ನು ನೋಡಲಿಲ್ಲ, ಮೊದಲು ಕಾರ್ಟಿನ ಬೀಗ ಎಳೆದು ನೋಡಿದಳು. ಬೀಗ ಭದ್ರವಾಗಿತ್ತು. ಹಿಂದೆಯೇ ನರ್ಸ್, ಕಾಗದದ ಕನ್ನಡಕವನ್ನು ಹಣೆಗೇರಿಸಿಕೊಂಡು.

"ಆಯ್ತಮ್ಮ, ನುಂಗಿದೆ" ಎಂದರು ಶಾರದಮ್ಮ. ನಾನು ಅದನ್ನೂ ಕಂಡದ್ದೆಲ್ಲವನ್ನೂ ಇಂಗ್ಲಿಷ್ ಮಾಡಿ ಹೇಳಿದೆ.

ಯೊಲಾಂಡಾ ಕೈಯಲ್ಲಿದ್ದ ಕಪ್ಪನ್ನು ನೋಡಿಕೊಂಡಳು. ಮಾತ್ರೆ ಅಲ್ಲೇ ಇತ್ತು. ಕಾರ್ಟಿನಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಆ ಹೊತ್ತು ಡ್ಯೂಟಿಯಲ್ಲಿ ಬೇರೆ ಏಡ್ ಇರಲಿಲ್ಲ, ಏಜೆನ್ಸಿಯಿಂದ ಯಾರೂ ಬಂದಿರಲಿಲ್ಲ. ಕನ್ನಡ ಬಲ್ಲ ಸಿಬ್ಬಂದಿಯಂತೂ ಈ ಕಟ್ಟಡಕ್ಕೆ ಎಂದೂ ಕಾಲಿಟ್ಟವರಲ್ಲ. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, ನೀವು ಮಧ್ಯಾಹ್ನ ಊಟ ಮಾಡಿದಿರಾ ಎಂದು ಮೃದುವಾಗಿ ಕೇಳಿದಳು. ಮಾಡಿರಲಿಲ್ಲ. ಗ್ರಹಣ ನಂಬದವಳು ಶಾರದಮ್ಮನ ಜೊತೆಗೆಂದು ಊಟ ಬಿಟ್ಟಿದ್ದೆ. ನನ್ನ ಸಾಕ್ಷಿ ಅಲ್ಲಿಗೆ ಬಿದ್ದುಹೋಯಿತು.

ಆದರೆ ಶಾರದಮ್ಮನ ಕೈ? ಅದನ್ನು ನರ್ಸ್ ಹಿಡಿದು ನೋಡಿದಳು, ಬಿಟ್ಟು ನೋಡಿದಳು. ಕುರ್ಚಿಯ ತೋಳಿನ ಮೇಲೆ ಅದು ನಿದ್ದೆ ಹೋದ ಬೆಕ್ಕಿನ ಹಾಗೆ ಬಿದ್ದಿತ್ತು.

ಈಗ ಸ್ಕ್ರೀನ್ ಮೇಲೆ ಏನು ಒತ್ತುವುದು? ಕೊಟ್ಟೆ ಅನ್ನಲು ಯೊಲಾಂಡಾ ಕೊಟ್ಟಿಲ್ಲ. ಬೇಡವೆಂದರು ಅನ್ನಲು ಇವರು ನುಂಗಿದೆ ಅನ್ನುತ್ತಿದ್ದಾರೆ. "ನಾಟ್ ಮೈ ಕಾಲ್" ಎಂದು ಅವಳು ಬೆರಳು ಹಿಂದೆಗೆದಳು. ನರ್ಸ್ ಡಾಕ್ಟರಿಗೆ ಫೋನ್ ಮಾಡಿದಳು. ಏನು ನುಂಗಿದ್ದಾರೆಂದು ಗೊತ್ತಿಲ್ಲದಿದ್ದರೆ ಈ ಸಲದ್ದು ಕೊಡಬೇಡಿ, ಕಣ್ಣಿಟ್ಟಿರಿ ಎಂದರಂತೆ. ಡಾಕ್ಟರ ಹೇಳಿಕೆಯಂತೆ ತಡೆಹಿಡಿಯಲಾಗಿದೆ ಎಂದು ನರ್ಸೇ ಒತ್ತಿದಳು. ಹಾಗಾಗಿ ಮೂರನೆಯ ನಿರಾಕರಣೆ ದಾಖಲಾಗಲೇ ಇಲ್ಲ.

ಶಾರದಮ್ಮ ವುಡ್‌ಬ್ರಿಡ್ಜ್‌ಗೆ ಹೋಗಲಿಲ್ಲ. ಮುಂದಿನ ಚಳಿಗಾಲದವರೆಗೂ ನನ್ನೊಡನೆ ಜಗಳವಾಡಿಕೊಂಡು, ತಮ್ಮದೇ ಹಾಸಿಗೆಯಲ್ಲಿ ನಿದ್ದೆಯಲ್ಲೇ ಹೋದರು. "ಬಂದೋಳು ಯಾರ್ರೀ?" ಎಂದು ನಾನು ಕೇಳಿದಾಗಲೆಲ್ಲ, "ಯಾರಾದ್ರೇನು, ಹುಟ್ಟಿದಬ್ಬ ಸರಿಯಾಗಿ ಗೊತ್ತಿತ್ತಲ್ಲ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಯೊಲಾಂಡಾ ನರ್ಸಿಂಗ್ ಓದಲೆಂದು ಕೆಲಸ ಬಿಟ್ಟಳು. ಕೊನೆಯ ದಿನ ಹೊಸ ಕಾರ್ಟ್ ತಳ್ಳಿಕೊಂಡು ಬಂದಳು, ಸದ್ದೇ ಇಲ್ಲ. ಅವತ್ತು ನೀನು ಯಾಕೆ ಓಡಿಬಂದೆ ಎಂದು ಆಗ ಕೇಳಿದೆ.

"ಲಿಫ್ಟ್‌ನಲ್ಲಿದ್ದಾಗ ನನ್ನ ಕಾರ್ಟಿನ ಚಕ್ರದ ಸದ್ದು ಕೇಳಿಸ್ತು, ಆಂಟಿ. ಯಾರೋ ತಳ್ಕೊಂಡು ಹೋಗ್ತಿದಾರೆ ಅಂದ್ಕೊಂಡೆ."

"ಹಾಗಾದ್ರೆ ಅದು ಏನು ಅಂತೀಯ?"

ಅವಳು ನನಗೆ ಮಾತ್ರೆ ಕೊಟ್ಟು, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿ, ಸ್ಕ್ರೀನ್ ಒತ್ತಿದಳು. "ಕೇಳಿಸಿದ್ದನ್ನ ಹೇಳಬಹುದು. ಅದು ಏನು ಅಂತ ಹೇಳೋದು ನಾಟ್ ಮೈ ಕಾಲ್. ನರ್ಸ್ ಆದ್ಮೇಲೆ ಬಂದು ಹೇಳ್ತೀನಿ."

ಲಿಫ್ಟಿನ ಬಾಗಿಲು ಮುಚ್ಚುವಾಗ ಕೈ ಬೀಸಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.