ಅಕ್ಕನಿಗಾಗಿ ಆರಿಸಿದ ತಿಂಗಳು

ಒಂದೇ ಕಡೆ ಕೂರುವುದು ನನ್ನಿಂದಾಗದ ಕೆಲಸ. ಅಂಕೋಲೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಬೆಳಿಗ್ಗೆ ಹಿಲ್ಲೂರಿನ ಬಸ್ಸು, ಅದರಾಚೆಯ ಒಂದು ಸಣ್ಣ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಔಷಧಿ ಕೊಡುವ ಕೆಲಸ, ಸಂಜೆ ಮತ್ತೆ ಅದೇ ಬಸ್ಸು. ಬಸ್ಸು ನಿಂತರೆ ಸಿಟ್ಟು, ತಡವಾದರೆ ಸಿಟ್ಟು, ಪಕ್ಕದಲ್ಲಿ ಕೂತವರು ನಿದ್ದೆ ಮಾಡಿದರೂ ಸಿಟ್ಟು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವಿ ಹೇಳುತ್ತಿದ್ದಳು. ಆ ಚಕ್ರ ಇಪ್ಪತ್ತೈದು ವರ್ಷ ಅಂಕೋಲೆಗೂ ಹಿಲ್ಲೂರಿಗೂ ನಡುವೆ ಮಾತ್ರ ತಿರುಗಿದೆ.

ಐವತ್ತಕ್ಕೆ ಒಂದು ವರ್ಷ ಬಾಕಿ ಇದ್ದಾಗ, ಒಂದು ಜನವರಿಯಲ್ಲಿ, ಪೋರ್ಚುಗಲ್‌ಗೆ ಹೋಗುವುದು ಎಂದು ತೀರ್ಮಾನಿಸಿದೆ. ಯಾಕೆ ಅದೇ ದೇಶ ಎಂದು ಎಲ್ಲರೂ ಕೇಳಿದರು. ಯುರೋಪಿನಲ್ಲಿ ನನ್ನ ಸಂಬಳಕ್ಕೆ ಎಟುಕುವ ದೇಶ ಅದು ಎನ್ನುವುದು ಒಂದು ಕಾರಣ. ಉದ್ದಕ್ಕೂ ಕಡಲು, ಕಡಲಿನ ಬದಿಗೇ ಊರುಗಳು, ಊರಿಂದ ಊರಿಗೆ ಬಸ್ಸು ಅಥವಾ ರೈಲು. ಹುಟ್ಟಿದಾಗಿನಿಂದ ಕಡಲು ನೋಡಿದವಳಿಗೆ ಇನ್ನೂ ಕಡಲು ಬೇಕೇನೇ ಎಂದು ಕೇಂದ್ರದ ನರ್ಸು ನಕ್ಕಳು. ಬೇಕು. ಬೇರೆ ಕಡೆಯಿಂದ ನೋಡಬೇಕು ಎಂದೆ.

ಅಕ್ಕ ಇಲ್ಲದೆ ಹೋಗುವ ಮಾತೇ ಇರಲಿಲ್ಲ. ಅಕ್ಕನನ್ನು ಹತ್ತೊಂಬತ್ತಕ್ಕೆ ಅಮದಳ್ಳಿಗೆ ಕೊಟ್ಟರು. ಮದುವೆಯಾದ ಮೂರನೆಯ ವರ್ಷಕ್ಕೆ ಅವಳೂ ಬಾವನೂ ಅರ್ಗಾದ ಹತ್ತಿರ ಹೆದ್ದಾರಿಯ ಪಕ್ಕ ಖಾನಾವಳಿ ಹಾಕಿದರು. ಬಾವ ಬೆಳಗಿನ ಜಾವ ಬಂದರಿಗೆ ಹೋಗಿ ಮೀನು ತರುವುದು, ಅಕ್ಕ ಅಡುಗೆ ಮಾಡುವುದು. ಅಂದಿನಿಂದ ಆ ಜನವರಿಯವರೆಗೆ ಅಕ್ಕ ಒಲೆ ಬಿಟ್ಟು ದೂರ ಹೋದದ್ದೆಂದರೆ ಮಡಗಾಂವಿನ ಒಂದು ಮದುವೆ, ಗೋಕರ್ಣದ ಒಂದು ತಿಥಿ. ನಾವಿಬ್ಬರೂ ಒಟ್ಟಿಗೆ ಒಂದು ರಾತ್ರಿಯೂ ಬೇರೆ ಊರಿನಲ್ಲಿ ಉಳಿದವರಲ್ಲ. ನನಗೆ ಅದು ಆಗಬೇಕಿತ್ತು. ಅವಳ ಮಂಡಿ ನೋವು ಹೆಚ್ಚಾಗುವ ಮೊದಲೇ ಆಗಬೇಕಿತ್ತು.

ಯಾವ ತಿಂಗಳು ಎಂದು ಯೋಚಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಜುಲೈ. ಆಗ ಮಳೆಗಾಲದ ನಿಷೇಧ, ಟ್ರಾಲರುಗಳು ಕಡಲಿಗೆ ಇಳಿಯುವಂತಿಲ್ಲ, ತಾಜಾ ಮೀನಿಲ್ಲ, ಹೊರಗಿನ ಕೆಲಸಗಾರರು ಊರಿಗೆ ಹೋಗಿರುತ್ತಾರೆ, ಖಾನಾವಳಿಯಲ್ಲಿ ನಾಲ್ಕು ಜನ ಒಣ ಮೀನಿನ ಚಟ್ನಿಯಲ್ಲಿ ಊಟ ಮುಗಿಸುತ್ತಾರೆ. ಬಾಗಿಲು ಹಾಕಿದರೂ ನಡೆಯುತ್ತದೆ. ಮತ್ತೆ ಮಳೆಗಾಲದಲ್ಲಿ ಕಡಲ ಬದಿಯ ರೂಮುಗಳೆಲ್ಲ ಅರ್ಧ ದರಕ್ಕೆ ಬೀಳುತ್ತವೆ. ಕಾರವಾರದಲ್ಲಿ ನಾನೇ ನೋಡಿದ್ದೇನೆ, ಜುಲೈಯಲ್ಲಿ ಲಾಡ್ಜಿನವರು ರಸ್ತೆಗೆ ಬಂದು ಕರೆಯುತ್ತಾರೆ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ ಬಿದ್ದವು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಬಂಗಡೆ ಕೊಯ್ಯುತ್ತಿದ್ದಳು.

"ಜುಲೈಯಾ?" ಎಂದಳು.

"ನಿಂಗೆ ಬೇರೆ ಯಾವಾಗ ಆಗ್ತದೆ ಹೇಳು?"

ಅಕ್ಕ ಕತ್ತಿಯನ್ನು ನೀರಿನಲ್ಲಿ ಅದ್ದಿ ತೆಗೆದು, "ಆಗ್ಲಿ" ಎಂದಳು. ಅಷ್ಟೇ. ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆಗ್ಲಿ ಅಂದಳಲ್ಲ, ಸಾಕು ಎಂದು ಮೂರು ಗಂಟೆಯ ಬಸ್ಸಿಗೆ ಓಡಿದೆ.

ಆಮೇಲೆ ನನಗೆ ನಿದ್ದೆ, ಊಟ, ಮಾತು ಎಲ್ಲವೂ ಪೋರ್ಚುಗಲ್ಲೇ. ಇನ್ನೂರು ಪುಟದ ನೋಟುಪುಸ್ತಕ ತೆಗೆದುಕೊಂಡು ಹಿಲ್ಲೂರಿನ ಬಸ್ಸಿನಲ್ಲೇ ಬರೆಯುತ್ತಿದ್ದೆ. ಅಕ್ಷರಗಳು ಬಸ್ಸಿನ ಜೊತೆಗೇ ಹಾರುತ್ತಿದ್ದವು. ಲಿಸ್ಬನ್‌ನಲ್ಲಿ ಇಳಿಯುವುದು, ಉತ್ತರಕ್ಕೆ ಪೋರ್ಟೊವರೆಗೆ ರೈಲು, ಅಲ್ಲಿಂದ ಒಂದೊಂದೇ ಊರು ಇಳಿಯುತ್ತ ವಾಪಸು. ಅಡುಗೆಮನೆ ಇರುವ ರೂಮು ಮಾತ್ರ ಹಿಡಿಯುವುದು. ಅಕ್ಕಿ ಅಲ್ಲೇ ಸಿಗುತ್ತದೆ, ಮಸಾಲೆ ಪುಡಿ ಇಲ್ಲಿಂದ ಒಯ್ಯುವುದು. ಮಧ್ಯಾಹ್ನ ಹೊರಗೆ, ರಾತ್ರಿ ರೂಮಿನಲ್ಲಿ ಗಂಜಿ. ಟ್ಯಾಕ್ಸಿ ಎಂಬ ಶಬ್ದವನ್ನು ಬರೆದು ಅದರ ಮೇಲೆ ಎರಡು ಗೆರೆ ಎಳೆದಿದ್ದೆ. ಹವಾಮಾನದ ಪುಟದಲ್ಲಿ ಹೀಗೆ ಬರೆದಿದ್ದೆ: ಜುಲೈ, ಮಳೆ ಇಲ್ಲ, ಕೊಡೆ ಬೇಡ.

ಅಕ್ಕನಿಗೆ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಿದ್ದೆ. ಕೆಂಡದ ಮೇಲೆ ತಾರ್ಲೆ ಮೀನು ಸುಡುವುದನ್ನು ನೋಡಿ ಅವಳು ಮೂಗು ಮುರಿದಳು.

"ತಾರ್ಲೆ ಸುಟ್ಟು ತಿನ್ನೂಕೆ ವಿಮಾನ ಹತ್ತಬೇಕೇನೆ? ಖಾರವೂ ಹಾಕ್ಲಿಲ್ಲ, ಹುಳಿಯೂ ಹಾಕ್ಲಿಲ್ಲ."

ಆದರೆ ನಜರೆ ಎಂಬ ಊರಿನ ಹೆಂಗಸರು ಕಡಲ ದಂಡೆಯ ಮೇಲೆ ಬಲೆ ಕಟ್ಟಿದ ಚೌಕಟ್ಟುಗಳಲ್ಲಿ ಮೀನು ಒಣಗಿಸುವುದನ್ನು ಮೂರು ಸಲ ಹಾಕಿಸಿಕೊಂಡಳು. "ಹೊಟ್ಟೆ ಸೀಳಿ ಹರವಿದ್ದಾರೆ ನೋಡು, ಮರಳು ಹಿಡೀದೇ ಇಲ್ಲ" ಎಂದಳು. ಅವಳ ಕಣ್ಣು ಸಣ್ಣದಾಗಿತ್ತು. ಬರುತ್ತಾಳೆ ಎಂದು ಆ ಹೊತ್ತು ನನಗೆ ಪೂರ್ತಿ ನಂಬಿಕೆ ಬಂತು.

ರಜೆಗಾಗಿ ನಾನು ಮಾಡಿದ ಯುದ್ಧ ಬೇರೆಯೇ. ಮಳೆ ಹಿಡಿದರೆ ಹಳ್ಳಿಗಳಲ್ಲಿ ಜ್ವರ ಶುರು, ಔಷಧಿ ಕಿಟಕಿಯ ಮುಂದೆ ಸಾಲು. ನಮ್ಮ ಡಾಕ್ಟರು ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿ, ಬಹಳ ಸಮಾಧಾನದವರು. ಅವರೇ "ಬೇರೆ ಯಾವ ತಿಂಗಳಾದರೂ ಕೇಳಿ ಮೇಡಂ, ಜುಲೈ ಒಂದು ಬಿಟ್ಟು" ಎಂದರು. ನಾನು ಬಿಡಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ತೆಗೆದುಕೊಳ್ಳದ ರಜೆಗಳನ್ನೆಲ್ಲ ನೆನಪಿಸಿದೆ, ಸ್ವಲ್ಪ ಗಂಟಲೂ ಏರಿಸಿದೆ. ಕೊನೆಗೆ ಅವರು ಒಪ್ಪಿದರು. ಅಕ್ಕನಿಗಾಗಿ ಎಷ್ಟು ಮಾಡುತ್ತಿದ್ದೇನೆ ಎಂದು ಅವತ್ತು ಬಸ್ಸಿನಲ್ಲಿ ನನಗೇ ನನ್ನ ಮೇಲೆ ಮೆಚ್ಚುಗೆಯಾಯಿತು.

ರೂಮು ಮಾತ್ರ ಕಾದಿರಿಸಲಿಲ್ಲ. ಮಳೆಗಾಲ ಹತ್ತಿರ ಬಂದಷ್ಟೂ ದರ ಇಳಿಯುತ್ತದೆ, ಅವಸರ ಮಾಡುವವರು ದಡ್ಡರು ಎನ್ನುವುದು ನನ್ನ ಲೆಕ್ಕಾಚಾರ. ಫೆಬ್ರವರಿಯಲ್ಲಿ ನೋಡಿದೆ, ಇಳಿದಿಲ್ಲ. ಮಾರ್ಚಿನಲ್ಲಿ ಏರಿತ್ತು. ಏಪ್ರಿಲ್‌ನಲ್ಲಿ ಇನ್ನೂ ಏರಿತು. ದಿನಕ್ಕೆ ಐದು ಸಲ ಮೊಬೈಲ್ ತೆಗೆದು ನೋಡುವುದು, ಬಯ್ಯುವುದು, ಒಳಗಿಡುವುದು. ನಾನು ದಿನಾ ನೋಡುವುದು ಗೊತ್ತಾಗಿ ಹೆಚ್ಚು ತೋರಿಸುತ್ತಿದ್ದಾರೆ ಎಂದು ಅನುಮಾನಪಟ್ಟು ನರ್ಸಿನ ಮೊಬೈಲಿನಲ್ಲೂ ನೋಡಿದೆ. ಅದರಲ್ಲೂ ಅಷ್ಟೇ. ವಿಮಾನದ ಟಿಕೇಟು ಕೂಡ ಹಾಗೇ ಮೇಲೆ ಹೋಗುತ್ತಿತ್ತು. ಮೇ ಬಂದಾಗ ಜನವರಿಯಲ್ಲಿ ನೋಡಿದ ದರದ ಹತ್ತಿರವೂ ಯಾವುದೂ ಇರಲಿಲ್ಲ.

ಕಿಟಕಿಯ ಹಿಂದೆ ನಾನು ಗೊಣಗುವುದು ಕೇಳಿ ಡಾಕ್ಟರು ಬಂದು ಮೊಬೈಲ್ ನೋಡಿದರು.

"ಮೇಡಂ, ಜುಲೈಯಲ್ಲಿ ಅಲ್ಲಿ ಬೇಸಿಗೆ ಅಲ್ವಾ? ಅವರ ಶಾಲೆಗಳಿಗೆಲ್ಲ ರಜೆ. ಇಡೀ ಯುರೋಪೇ ಕಡಲಿಗೆ ಬಂದಿರುತ್ತೆ. ನಮ್ಮ ಗೋಕರ್ಣದಲ್ಲಿ ಡಿಸೆಂಬರ್ ಕೊನೆ ಇದ್ದ ಹಾಗೆ."

ನಾನು ನೋಟುಪುಸ್ತಕ ತೆಗೆದೆ. ಮಳೆ ಇಲ್ಲ, ಕೊಡೆ ಬೇಡ. ನನ್ನದೇ ಅಕ್ಷರ. ಮಳೆ ಇಲ್ಲವೆಂದು ಗೊತ್ತಿತ್ತು, ಬರೆದೂ ಇಟ್ಟಿದ್ದೆ. ಆದರೂ ಜುಲೈ ಎಂದರೆ ಕಡಲು ಕೆಟ್ಟಿರುತ್ತದೆ, ಕಡಲು ಕೆಟ್ಟರೆ ರೂಮು ಅಗ್ಗ, ಇದು ನನ್ನ ತಲೆಯೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಲೇ ಇಲ್ಲ. ಅವತ್ತು ಯಾರಿಗೋ ಕೆಮ್ಮಿನ ಔಷಧಿಯ ಬದಲು ಹೊಟ್ಟೆನೋವಿನದು ಕೊಡಲು ಹೋಗಿ ತಡೆದುಕೊಂಡೆ.

ಅಲ್ಲಿ ಅಗ್ಗ ಯಾವಾಗ ಎಂದು ಹುಡುಕಿದೆ. ನವೆಂಬರ್. ಅಲ್ಲಿ ಮಳೆ, ಗಾಳಿ, ಆಳೆತ್ತರದ ಅಲೆ. ರೂಮಿನ ದರ ಜುಲೈಯದರ ಮೂರರಲ್ಲಿ ಒಂದು ಪಾಲು. ಇಲ್ಲಿ ನವೆಂಬರ್ ಎಂದರೆ ಕಡಲು ಶಾಂತ, ಮೀನು ಬೇಕಾದಷ್ಟು, ಹೆದ್ದಾರಿಯ ತುಂಬ ಪ್ರವಾಸಿಗಳು, ಅಕ್ಕನ ಖಾನಾವಳಿಯಲ್ಲಿ ಕೂರಲು ಜಾಗವಿಲ್ಲ. ಜುಲೈಗೆ ನನ್ನ ಹತ್ತಿರ ದುಡ್ಡಿಲ್ಲ, ನವೆಂಬರಿಗೆ ಅಕ್ಕ ಇಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಭಾನುವಾರ ಅರ್ಗಾಕ್ಕೆ ಹೋದೆ. ಮಧ್ಯಾಹ್ನದ ಗದ್ದಲ ಮುಗಿದು ಅಕ್ಕ, ಬಾವ ಊಟಕ್ಕೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೊನೆಗೆ, "ನಾ ಒಬ್ಬಳೇ ಹೋಗ್ತೆ ಬಿಡು. ನವೆಂಬರಿನಲ್ಲಿ ನಿಂಗೆ ಬರೂಕೆ ಆಗೂದಿಲ್ಲ" ಎಂದೆ.

"ಬತ್ತೆ" ಎಂದಳು ಅಕ್ಕ.

"ಸೀಸನ್ ಅಕ್ಕಾ!"

"ಗೊತ್ತದೆ. ಸೀಸನ್ ಯಾವಾಗ ಅಂತ ನೀ ನಂಗೆ ಹೇಳ್ಬೇಕಾ?"

ಬಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಯೋಚನೆ ಮಾಡಿ ಮಾತಾಡುವವರು. "ಹೋಗಿ ಬರ್ಲಿ" ಎಂದರು ನನ್ನನ್ನು ನೋಡಿ. "ಹತ್ತು ದಿನಕ್ಕೆ ಅವರ್ಸೆಯಿಂದ ಒಬ್ಬ ಅಡುಗೆಯವನ ಕರೀತೆ. ಅಂವ ಲಾಯ್ಕ ಮಾಡ್ತ. ಖಾನಾವಳಿ ಅದರ ಪಾಡಿಗೆ ನಡೀತದೆ."

ನನಗೆ ಎದೆಯ ಭಾರ ಇಳಿಯಿತು. "ನೋಡಕ್ಕಾ, ಬಾವ ಎಷ್ಟು ಚಂದ ದಾರಿ ತೋರಿಸಿದ್ರು!" ಎಂದೆ. ಅಕ್ಕನ ಮುಖ ಕೆಂಪಾಯಿತು.

"ಬೇಡ. ಅಡುಗೆಯವನೂ ಬೇಡ, ಯಾರೂ ಬೇಡ. ಬಾಗ್ಲು ಹಾಕೂದು."

"ಸೀಸನ್ನಿನಲ್ಲಿ ಬಾಗ್ಲು ಹಾಕ್ತಾರೇನೆ?" ಎಂದರು ಬಾವ.

"ಹಾಕ್ತಾರೆ. ನಾ ಇಲ್ದಿದ್ರೂ ನಡೀತದೆ ಅಂತಾದ್ರೆ ಇಷ್ಟು ವರ್ಷ ನಾ ಎಂತಕೆ ಈ ಒಲೆ ಮುಂದೆ ನಿಂತೆ?" ಬಾವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನೀನೂ ಅಷ್ಟೇ. ಜುಲೈ ಅಂದೆ. ಜುಲೈಯಲ್ಲಿ ನಾ ಇದ್ರೆಷ್ಟು, ಹೋದ್ರೆಷ್ಟು? ಯಾರಿಗಾದ್ರೂ ಗೊತ್ತಾಗ್ತದಾ? ಯಾರಿಗೂ ಬೇಡದ ದಿನ ಹುಡುಕಿ ತಂದು ನಂಗೆ ಕೊಟ್ಟೆ. ಯಾವಾಗ ಬತ್ತೆ ಅಂತ ಒಂದು ಸಲ ಕೇಳಿದ್ಯಾ?"

ಕೇಳಿರಲಿಲ್ಲ. ಬೇರೆ ಯಾವಾಗ ಆಗ್ತದೆ ಎಂದಿದ್ದೆ, ಅದು ಕೇಳಿದ್ದಲ್ಲ. ನಾಚಿಕೆಯಾಯಿತು. ಅಕ್ಕ ಎದ್ದು ತಾಟು ತೊಳೆಯಲು ಹೋದಳು. ಬಾವ ಅನ್ನದಲ್ಲಿ ಬೆರಳಾಡಿಸಿ, "ಹಂಗಾರೆ ಹಾಕೂದೇ" ಎಂದರು.

ಮರುದಿನ ಡಾಕ್ಟರ ಮುಂದೆ ನಿಂತು ಜುಲೈ ರಜೆ ಬೇಡ, ನವೆಂಬರ್ ಕೊಡಿ ಎಂದು ತಲೆ ತಗ್ಗಿಸಿ ಕೇಳಿದೆ. ಅವರು ನಗು ತಡೆದುಕೊಂಡು ಸಹಿ ಹಾಕಿದರು. ಆ ಮಳೆಗಾಲ ಇಡೀ ನಾನು ಕಿಟಕಿಯಲ್ಲಿ ಜ್ವರದ ಮಾತ್ರೆ ಕೊಡುತ್ತ, ಬಿಡುವಾದಾಗ ನೋಟುಪುಸ್ತಕ ತಿದ್ದುತ್ತ ಕಳೆದೆ. ಕೊಡೆ ಎರಡು, ರೇನ್‌ಕೋಟು ಎರಡು, ಸ್ವೆಟರು. ಟಿಕೇಟು ಆಯಿತು. ಅಕ್ಟೋಬರಿನಲ್ಲಿ ವೀಸಾವೂ ಬಂತು. ಆದರೆ ನನ್ನ ಚಡಪಡಿಕೆ ಇನ್ನೂ ಹೆಚ್ಚಾಯಿತು, ಯಾಕೆಂದರೆ ಖಾನಾವಳಿ ಮುಚ್ಚುವ ಸುದ್ದಿಯನ್ನು ಅಕ್ಕ ಗಿರಾಕಿಗಳಿಗೆ ಹೇಳಿರಲಿಲ್ಲ.

ದಿನಾ ಫೋನು ಮಾಡುತ್ತಿದ್ದೆ. "ಹೇಳಿದ್ಯಾ?"

"ಇಲ್ಲ."

"ಯಾವಾಗ ಹೇಳ್ತೆ?"

"ಹೇಳ್ತೆ ಮಾರಾಯ್ತಿ, ಸಾರು ಉಕ್ತದೆ, ಇಡು."

ಸಿಟ್ಟಿನಲ್ಲಿ ಅಂದುಬಿಟ್ಟಿದ್ದಾಳೆ, ಈಗ ಧೈರ್ಯ ಸಾಲುತ್ತಿಲ್ಲ ಎಂದುಕೊಂಡೆ. ಕೊನೆಯ ದಿನ ಮಂಡಿ ನೋವು ಎಂದು ನಿಂತುಬಿಡುತ್ತಾಳೆ. ಅವಳ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ನಾನು ಹೇಗೆ ಹೋಗಲಿ? ಹೊರಡಲು ಒಂದು ವಾರ ಇದ್ದಾಗ ತಡೆಯಲಾಗದೆ ಅರ್ಧ ದಿನ ರಜೆ ಹಾಕಿ ಅರ್ಗಾಕ್ಕೆ ಬಂದೆ.

ಒಂದೂವರೆ ಗಂಟೆ. ಬೆಂಚುಗಳೆಲ್ಲ ತುಂಬಿ ನಾಲ್ಕು ಜನ ಹೊರಗೆ ನಿಂತಿದ್ದರು. ಅಕ್ಕ ಸಾರಿನ ಬೋಗುಣಿ ಹಿಡಿದು ಬಂದವಳು ನನ್ನನ್ನು ನೋಡಿದಳು, ಬೋಗುಣಿ ಮೇಜಿನ ಮೇಲೆ ಇಟ್ಟಳು.

"ಬರೂ ಸೋಮವಾರದಿಂದ ಹತ್ತು ದಿನ ಊಟ ಇಲ್ಲ" ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಾನು, ನನ್ನ ತಂಗಿ ಪೋರ್ಚುಗಲ್‌ಗೆ ಹೋಗ್ತೇವೆ."

ಮೂಲೆಯಲ್ಲಿ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ಕೂತಿದ್ದರು. ಆರು ವರ್ಷದಿಂದ ಇಲ್ಲೇ ಕಟ್ಟಡದ ಕೆಲಸ, ಎರಡು ಹೊತ್ತೂ ಇಲ್ಲೇ ಊಟ, ಮೊದಲು ಮೀನು ಮುಟ್ಟದಿದ್ದವರು ಅಕ್ಕನ ಕೈಯಲ್ಲೇ ಮುಳ್ಳು ಬಿಡಿಸಲು ಕಲಿತವರು. ಅವರು ತುತ್ತನ್ನು ತಾಟಿಗೆ ವಾಪಸು ಇಟ್ಟರು.

"ಹತ್ತ ದಿನಾ? ಹಂಗಾದ್ರ ನಾವ್ ಎಲ್ಲಿ ಉಣ್ಬೇಕ್ರಿ ಅಕ್ಕಾರ?"

ಅಕ್ಕನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೇ ಕೇಳಿಸಿತ್ತು. ಆದರೂ ಅವಳು ಸೆರಗಿನಿಂದ ಕೈ ಒರೆಸಿಕೊಂಡು ಅವರ ಹತ್ತಿರ ಹೋಗಿ, ಸ್ವಲ್ಪ ಬಾಗಿ, "ಎಂತ ಹೇಳಿದ್ರಿ? ಇನ್ನೊಂದ್ಸಲ ಹೇಳಿ" ಎಂದಳು.