ಹೊಗೆಯ ತಿಂಗಳಲ್ಲಿ ಬಿಟ್ಟ ಮಾತ್ರೆ

ಮಾತ್ರೆ ಬಿಡಲು ನಾನು ನವೆಂಬರನ್ನೇ ಆರಿಸಿಕೊಂಡೆ. ದಿಲ್ಲಿಯಲ್ಲಿ ಆ ತಿಂಗಳು ಎಲ್ಲರ ಮೂಗೂ ಸೋರುತ್ತದೆ, ಎಲ್ಲರ ಕಣ್ಣೂ ಕೆಂಪು. ಅದರೊಳಗೆ ನನ್ನದೂ ಬೆರೆತುಹೋಗುತ್ತದೆ, ಯಾರೂ ಕೇಳುವುದಿಲ್ಲ ಎಂದುಕೊಂಡೆ. ಕೇಳುವವರು ಯಾರಿದ್ದರು ಎಂಬುದು ಬೇರೆ ಮಾತು.

ಆಟೊ ಉರುಳಿ ಸೊಂಟದ ಮೂಳೆ ಮುರಿದಾಗ ಕೊಟ್ಟ ನೋವಿನ ಮಾತ್ರೆಗಳು, ಅಫೀಮಿನ ಜಾತಿಯವು. ಮೂಳೆ ಕೂಡಿ ವರ್ಷವಾದರೂ ದಿನಕ್ಕೆ ಎರಡಿದ್ದದ್ದು ಆರಕ್ಕೇರಿತ್ತು. ಎಂಟೂ ಇರಬಹುದು. ಈ ಸಂಖ್ಯೆಯ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ಅದು ಆಗಲೇ ಸುಳ್ಳು ಹೇಳುತ್ತಿತ್ತು. ಉಳಿದ ಮಾತ್ರೆಗಳನ್ನು ಕಸಕ್ಕೆ ಹಾಕಿದೆ.

ಮೊದಲ ದಿನ ಬರೀ ಆಕಳಿಕೆ, ದವಡೆ ಕಳಚುವಂಥದ್ದು. ಆಮೇಲೆ ಕಣ್ಣು, ಮೂಗು. ಮರುದಿನ ಮೈಯೆಲ್ಲ ಮುಳ್ಳೆದ್ದಿತು. ಬೆವರು, ಅದರ ಹಿಂದೆಯೇ ಚಳಿ. ಭೇದಿ ನಿಲ್ಲಲಿಲ್ಲ. ಕಾಲುಗಳಂತೂ ನನ್ನವಲ್ಲ, ಹಾಸಿಗೆಯಲ್ಲಿ ತಾವೇ ಒದೆಯುತ್ತಿದ್ದವು. ವಿಚಿತ್ರವೆಂದರೆ, ಊರಿಗೆ ಹೇಳಬೇಕೆಂದಿದ್ದ ಸುಳ್ಳನ್ನು ನಾನೇ ನಂಬಿಬಿಟ್ಟೆ: ಇದು ಹೊಗೆ, ಗಾಳಿ, ಜ್ವರ.

ಮುನಿರ್ಕಾ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೂರನೆಯ ಮಹಡಿಯಲ್ಲಿ ಎರಡೇ ಕೋಣೆ. ಎದುರಿನದರಲ್ಲಿ ಪಿಎಚ್‌ಡಿ ಮಾಡುತ್ತಿದ್ದ ದಾವಣಗೆರೆಯ ಹುಡುಗಿ. ನೀರು ಬಂತೇ ಎಂದು ಕೇಳುವಷ್ಟು ಪರಿಚಯ. ನನ್ನ ಕೆಮ್ಮು ಕೇಳಿ ಕಷಾಯ ತಂದಳು.

"ವೈರಲ್ ಅಕ್ಕ, ಗಲ್ಲಿಯಲ್ಲಿ ಎಲ್ಲರಿಗೂ ಇದೆ. ಅದೇನು ಹಾಗೆ ಆಕಳಿಸ್ತೀರಿ, ನನ್ನ ಥೀಸಿಸ್ ಓದಿದ್ರಾ?"

ನಕ್ಕೆನೋ ಇಲ್ಲವೋ. ಮೂರನೆಯ ಮಧ್ಯಾಹ್ನ ತಡೆಯಲಾಗದೆ ನೋವಿನ ಮಾತ್ರೆಯ ಹಳೆಯ ಚೀಟಿ ಅವಳ ಕೈಗಿಟ್ಟು, ಜ್ವರದ ಮಾತ್ರೆ ತಂದುಕೊಡು ಎಂದೆ. ಬರಿಗೈಯಲ್ಲಿ ವಾಪಸು ಬಂದಳು.

"ಚೀಟಿ ಹೋದ ವರ್ಷದ್ದು. ಜ್ವರದ್ದೂ ಅಲ್ಲ. ಕೆಮಿಸ್ಟ್ ಭಯ್ಯಾ ನನ್ನನ್ನೇ ಮೇಲಿಂದ ಕೆಳಗೆ ನೋಡ್ದ."

ನಾನು ಗೋಡೆ ನೋಡಿದೆ.

"ಅಚ್ಛಾ," ಅಂದಳು ಚೀಟಿಯನ್ನು ಇನ್ನೊಮ್ಮೆ ಓದಿ. "ಸ್ವೆಟರ್ ಹಾಕ್ಕೊಳ್ಳಿ. ಡಾಕ್ಟರ್ ಹತ್ರ ಹೋಗೋಣ."

ವೈದ್ಯೆ ದಿನಕ್ಕೆ ಎಷ್ಟು ಎಂದು ಕೇಳಿದರು. ಎರಡು ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಅವಳು ಚೀಟಿಯನ್ನು ಮಡಿಸುತ್ತ ಕೂತಿದ್ದಳು. ಆರು ಎಂದೆ, ಕೆಲವು ದಿನ ಎಂಟು. ವೈದ್ಯೆ ಗದರಲಿಲ್ಲ. ಹೀಗೆ ಒಮ್ಮೆಲೇ ಬಿಡಬಾರದು, ಹಂತಹಂತವಾಗಿ ಇಳಿಸಬೇಕು ಎಂದರು. ಬಿಟ್ಟ ಮೇಲೆ ಹಳೆಯ ಅಳತೆಯಲ್ಲಿ ನುಂಗಿದರೆ ಉಸಿರೇ ನಿಲ್ಲಬಹುದು ಎಂದೂ. ಕಡಿಮೆ ಅಳತೆ ಬರೆದು, ಮಾತ್ರೆಗಳು ನನ್ನ ಬಳಿ ಇರದಿರಲಿ ಎಂದು ಅವಳ ಕಡೆ ನೋಡಿದರು.

ಹಾಗೆ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟುವ ಸದ್ದು, ಅವಳ ಅಂಗೈಯಲ್ಲಿ ಆ ದಿನದ ಪಾಲು. ಓಆರ್‌ಎಸ್ ಬೆರೆಸಿದ ನೀರು ಗುಟುಕು ಗುಟುಕಾಗಿ. ಗಂಜಿ, ಬಾಳೆಹಣ್ಣು. ಕಾಲು ಕುಣಿದಾಗ ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಡುವುದು, ಇಲ್ಲವೇ ತಾರಸಿಯ ಬಿಸಿಲಿನಲ್ಲಿ ಅಡ್ಡಾಡುವುದು. ನಿದ್ದೆ ಮಾತ್ರ ಬಹಳ ತಡವಾಗಿ ಮರಳಿತು. ಅವಳು ಬಾಗಿಲಲ್ಲೇ ನಿಂತು, ನಾನು ನುಂಗುವ ತನಕ ತನ್ನ ಗೈಡನ್ನು ಬೈಯುತ್ತಿದ್ದಳು. ಐದು ನಿಮಿಷ. ಅಷ್ಟು ನಿಯಮಿತವಾಗಿ ಆ ಊರಿನಲ್ಲಿ ಯಾರೂ ನನ್ನನ್ನು ನೋಡಲು ಬಂದಿರಲಿಲ್ಲ. ಇದನ್ನು ಬರೆಯುವಾಗ ಆ ಐದು ನಿಮಿಷ ಉದ್ದವಾಗುತ್ತಿದೆ, ಎರಡೇ ಇದ್ದಿರಬೇಕು.

ಜನವರಿಯಲ್ಲಿ ಕೊನೆಯ ಮಾತ್ರೆ ಮುಗಿಯಿತು. ಮರುದಿನ ಮೈ ಏನನ್ನೂ ಕೇಳಲಿಲ್ಲ. ಆದರೂ ಎಂಟಕ್ಕೆ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಎದುರಿನ ಬಾಗಿಲು ತೆರೆಯಿತು, ಬೀಗ ಬಿತ್ತು. ಚಪ್ಪಲಿಗಳು ಅವಸರದಲ್ಲಿ ಮೆಟ್ಟಿಲಿಳಿದು ಹೋದವು.