ಹರಳೆಣ್ಣೆ ಕುಡಿದ ದೋಣಿ

ನಿವೃತ್ತಿಯಾದ ಮೇಲೆ ಜನ ಮನೆಗೆ ಹೂಕುಂಡ ತರುತ್ತಾರೆ. ಹರಿಹರದ ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಯಜಮಾನರು ಹಾಯಿದೋಣಿ ತಂದರು. ಯಾವುದೋ ಜಲಾಶಯದ ಪಕ್ಕ ಮುಚ್ಚಿಹೋದ ಕ್ಲಬ್ಬಿನದಂತೆ. ರಿಪೇರಿ ಮಾಡಿ ಹರಿಹರದ ಹೊಳೆಗೆ ಇಳಿಸುವುದು ಅವರ ಆಸೆ. ನಿಟ್ಟುವಳ್ಳಿಯ ನಮ್ಮ ಮನೆಯ ಗೇಟು ಕಿತ್ತ ಮೇಲೆ ಅದು ಒಳಗೆ ಬಂತು. ನನಗೆ ಬಟ್ಟೆ ಒಣಹಾಕುವ ಜಾಗ ಹೋಯಿತು.

ದೋಣಿಯ ಮೈ ಫೈಬರಿನದು, ಗಟ್ಟಿಯಾಗಿತ್ತು. ಆದರೆ ತಳಕ್ಕೆ ಬಲವಾಗಿರಲೆಂದು ಒಳಗೆ ಉದ್ದಕ್ಕೂ ಅಂಟಿಸಿದ್ದ ಮರದ ಪಟ್ಟಿಗಳು ಒಗ್ಗರಣೆಗೆ ನೆನೆಹಾಕಿದ ಮಂಡಕ್ಕಿಯಂತಾಗಿದ್ದವು. ಹೊಸ ಪಟ್ಟಿಗೆ ಆನಗೋಡಿನಿಂದ ನನ್ನ ಅಪ್ಪನನ್ನು ಕರೆಸಿದೆವು. ಅಪ್ಪ ಬಡಗಿ, ಜೀವಮಾನವಿಡೀ ಬಾಗಿಲು ಹೊಸ್ತಿಲು ಮಾಡಿದವನು. ದೋಣಿಗೆ ಒಂದು ಸುತ್ತು ಬಂದು, "ಇದ್ರಾಗೆ ನೆಟ್ಟಗಿರೋದು ಒಂದೂ ಇಲ್ಲಲ್ರಿ" ಎಂದ. ಆದರೂ ಮೂರು ದಿನದಲ್ಲಿ ತಳದ ಬಾಗಿಗೆ ಕೂದಲೆಳೆ ಸಂದಿಲ್ಲದಂತೆ ಪಟ್ಟಿ ಕೊಯ್ದುಕೊಟ್ಟು, ಉಳಿದ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಹೋದ.

ಮರುದಿನ ಯಜಮಾನರು ಆ ಪಟ್ಟಿಗಳನ್ನು ರೆಸಿನ್ ಅಂಟು ಹಾಕಿ ಕೂರಿಸುವವರಿದ್ದರು. ನಮ್ಮಲ್ಲಿ ಹೊಸ ಹೊಸ್ತಿಲು ಕೂರಿಸುವ ಮೊದಲು ಹೆಣ್ಣುಮಕ್ಕಳು ಅದಕ್ಕೆ ಎಣ್ಣೆ ಉಜ್ಜಿ ಅರಿಸಿನ ಕುಂಕುಮ ಇಡುತ್ತೇವೆ. ನೀರಿಗಿಳಿಯುವ ಮರಕ್ಕೆ ಇನ್ನೂ ಹೆಚ್ಚು ಬೇಕಲ್ಲವೇ? ಬೆಳಗ್ಗೆ ಅವರು ಏಳುವ ಮೊದಲೇ ಪಟ್ಟಿಗಳಿಗೆ ಅರ್ಧ ಬಟ್ಟಲು ಹರಳೆಣ್ಣೆ ಕುಡಿಸಿದೆ. ನಗುತ್ತಾರೆಂದು ಅರಿಸಿನ ಕುಂಕುಮ ಇಟ್ಟು ಕೈಮುಗಿದು ಒರೆಸಿಬಿಟ್ಟೆ.

ಅಂಟಿಸಿ ಎರಡು ದಿನ ಬಿಟ್ಟು ಯಜಮಾನರು ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರು. ಪಟ್ಟಿ ಬಾಳೆಹಣ್ಣಿನ ಸಿಪ್ಪೆಯಂತೆ ಎದ್ದು ಬಂತು. ಅಪ್ಪನಿಗೆ ಫೋನ್ ಹಚ್ಚಿ, "ಮಾವ, ಮರ ಹಸಿ ಇತ್ರಿ. ಅಂಟಿಸೋವಾಗ್ಲೇ ಕಪ್ಪಗೆ ಕಾಣ್ತಿತ್ತು" ಎಂದರು.

ಕಪ್ಪಗೆ ಎಂದಾಗಲೇ ನನಗೆ ಗೊತ್ತಾಯಿತು. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಯಜಮಾನರು ಚಾ ಅಂಗಡಿಯಲ್ಲೂ ಅದನ್ನೇ ಹೇಳಿ ಬಂದರು. ಅಪ್ಪನಿಗೆ ತಲೆಬಾಗಿಲ ಕೆಲಸ ಕೊಡಬೇಕೆಂದಿದ್ದ ಎದುರುಮನೆಯವರು, "ಒಣಗಿದ ಮರ ಸಿಕ್ಕಾಗ ನೋಡಾಣ ಬಿಡ್ರಿ" ಎಂದರು. ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಆನಗೋಡಿನ ಬಸ್ಸು ಹತ್ತಿದೆ.

ಅಪ್ಪ ಮಾಳಿಗೆಯ ಮೇಲಿದ್ದ. ಉಳಿದ ತುಂಡುಗಳನ್ನೆಲ್ಲ ಬಿಸಿಲಿಗೆ ಹರವಿ, ಒಂದೊಂದನ್ನೇ ಎತ್ತಿ ಮೂಸುತ್ತಿದ್ದ, ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿಯುತ್ತಿದ್ದ.

"ಹಸಿ ಇಲ್ಲ ಅನ್ಸುತ್ತೆ. ಆದ್ರೆ ಈಗ ನನ್ನ ಕೈ ನಂಬಂಗಿಲ್ಲ ಬಿಡವ್ವ" ಎಂದ.

ನಾನು ಹೇಳಿಬಿಟ್ಟೆ.

"ಯಾವ ಎಣ್ಣೆ?"

"ಹರಳೆಣ್ಣೆ."

"ಎಷ್ಟು?"

"ಅರ್ಧ ಬಟ್ಟಲು."

ಅಪ್ಪ ತುಂಡುಗಳನ್ನು ಚೀಲಕ್ಕೆ ತುಂಬಿದ. "ಹೊಸ್ತಿಲಾಗಿದ್ರೆ ನೂರು ವರ್ಷ ಬರ್ತಿತ್ತು" ಎಂದು ಅಂಗಿ ಹಾಕಿಕೊಂಡ. ವಾಪಸು ಬಸ್ಸಿಗೆ ನನ್ನ ಜೊತೆ ಬಂದ.

ಯಜಮಾನರು ದೋಣಿಯ ಪಕ್ಕದಲ್ಲಿ ಕುರ್ಚಿ ಹಾಕಿದರು. ಅಪ್ಪ ಕೂಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಮರ ಹಸಿನೇ ಇತ್ರಿ. ತಪ್ಪು ನಂದು. ಬೇರೆ ಕೊಯ್ದು ಕೊಡ್ತೀನಿ" ಎಂದ.

ಹಸಿ ಮರ ಮುಟ್ಟಿದವನಲ್ಲ ಅಪ್ಪ. ಗಂಡನ ಎದುರು ಮಗಳು ಚಿಕ್ಕವಳಾಗಬಾರದೆಂದು ಆ ಹೆಸರನ್ನೇ ಬಿಟ್ಟುಕೊಟ್ಟ. ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಹರಳೆಣ್ಣೆ ಬಾಟಲಿ ತಂದು ಯಜಮಾನರ ಮುಂದೆ ದೋಣಿಯ ಅಂಚಿನ ಮೇಲಿಟ್ಟೆ.

"ಮರ ಹಸಿ ಇರ್ಲಿಲ್ರಿ. ನಾನು ಇದನ್ನ ಹಚ್ಚಿದ್ದೆ."

ಯಜಮಾನರು ಬಾಟಲಿಯ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ಬರ್ರಿ ಮಾವ, ಚಾ ಕುಡಿದು ಬರೋಣ" ಎಂದರು.

ಬಾಟಲಿಯನ್ನೂ ಜೊತೆಗೆ ಒಯ್ದರು. ಇಡೀ ಬೀದಿಗೆ ಗೊತ್ತಾಗುತ್ತದೆಂದು ತಿಳಿದಿತ್ತು, ನಾನು ತಡೆಯಲಿಲ್ಲ.